ಓದಿಸಿಕೊಳ್ಳದೆ ಹಾಕಿದ ರುಜು

ಮುನಿರಾಜು, ನಿನ್ನನ್ನು ಹೈಸ್ಕೂಲಿನಿಂದ ಹೊರಗೆ ಹಾಕಿದವರು ಹೆಡ್‌ಮಾಸ್ಟರಲ್ಲ. ನಿನ್ನನ್ನು ಬಿಡಿಸಿದವನು ನಾನು — ನಿನ್ನ ಅಣ್ಣ. ನಾಲ್ಕು ವರ್ಷದಿಂದ ನೀನು ಅವರನ್ನು ಬಯ್ಯುವಾಗಲೆಲ್ಲ ನಾನೂ ಒಂದೆರಡು ಮಾತು ಸೇರಿಸಿ ಬಯ್ದಿದ್ದೇನೆ. ಬಯ್ಯುತ್ತಾ ಬಯ್ಯುತ್ತಾ ನನಗೇ ನಿಜ ಅನ್ನಿಸಿಬಿಟ್ಟ ದಿನಗಳೂ ಉಂಟು.

ನೀನೀಗ ನಾವು ಮಾಡಿದ ಗಾಡಿಯ ಗಾಲಿಗಳನ್ನು ಹೇರಿಕೊಂಡು ಕೃಷ್ಣಗಿರಿಗೆ ಹೋಗಿದ್ದೀಯ. ಬಂದವನು ಸೋಮವಾರ ಹೊಸೂರಿನ ಸ್ಕೂಲಿಗೆ ಹೋಗುತ್ತೀಯಂತೆ. ನಮ್ಮವರ ಸರ್ಕಾರ ಬಂತು, ಸ್ವಾತಂತ್ರ್ಯ ಚಳವಳಿಯ ವರ್ಷ ಹೊರಗೆ ಹಾಕಿದ ಹುಡುಗರನ್ನು ಮತ್ತೆ ಸೇರಿಸಿಕೊಳ್ಳುತ್ತಾರೆ ಅಂತ ಯಾರೋ ನಿನಗೆ ಹೇಳಿದ್ದಾರೆ. "ಮೀಸೆ ಬಂದೋನು ಹೋಗಿ ಮಕ್ಕಳ ಜತೆ ಬೆಂಚಿನ ಮ್ಯಾಲೆ ಕುಂತ್ಕತೀಯೇನ್ಲಾ?" ಅಂತ ಅವ್ವ ನಕ್ಕಳು. "ಮೀಸೆ ಬೋಳಿಸ್ಕಂಡು ಕುಂತ್ಕತೀನಿ, ಬುಡವ್ವ" ಅಂದೆ ನೀನು. ನೀನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆದರೆ ಆ ಸ್ಕೂಲಿನ ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ 'ಹೊರಗೆ ಹಾಕಿದೆ' ಅಂತ ಇಲ್ಲ. 'ಮನೆಯವರ ಇಷ್ಟದಂತೆ ಬಿಟ್ಟಿದ್ದಾನೆ' ಅಂತ ಇದೆ. ನೀನು ಹೋಗಿ ನಿಂತರೆ ಅವರು ಅದನ್ನು ತೆಗೆದು ತೋರಿಸುತ್ತಾರೆ. ಅಷ್ಟು ಜನರ ಮುಂದೆ ಸುಳ್ಳುಗಾರ ಆಗುವವನು ನೀನು. ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ಮೂರು ಸಲ ಬಾಯಿ ತೆಗೆದೆ — ಆಗಲಿಲ್ಲ.

ನೀವೆಲ್ಲ ಕ್ಲಾಸು ಬಿಟ್ಟು ಗೇಟಿನ ಹತ್ತಿರ ನಿಂತು ಕೂಗಿದಿರಲ್ಲ, ಅದಾದ ಮೂರನೇ ದಿನ ಕಾಗದ ಬಂತು. ನೀನು ಮನೆಯಲ್ಲೇ ಇರಬೇಕು, ತಾಯಿ ಬಂದು ಹೆಡ್‌ಮಾಸ್ಟರನ್ನು ನೋಡಬೇಕು ಅಂತ. ನಾನು ಕೆಲಮಂಗಲದಿಂದ ಗಾಡಿ ಕಟ್ಟಿಕೊಂಡು ಅವ್ವನನ್ನು ಕರೆದುಕೊಂಡು ಹೋದೆ. ಹೆಡ್‌ಮಾಸ್ಟರು ತಮಿಳಿನಲ್ಲಿ ಸಮಾಧಾನವಾಗಿಯೇ ಹೇಳಿದರು. ವಿಚಾರಣೆ ಇಡಬೇಕು, ಹುಡುಗನನ್ನು ಕರೆಸಿ ಕೇಳಬೇಕು, ಮೇಲಿನ ಆಫೀಸಿಗೆ ಬರೆಯಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಇಲ್ಲವಾದರೆ ನೀವೇ ಬಿಡಿಸಿಕೊಂಡು ಹೋಗಬಹುದು. ಯೋಚನೆ ಮಾಡಿ ಅಂತ ಹೇಳಿ ಅವರು ಪಾಠಕ್ಕೆ ಎದ್ದು ಹೋದರು.

ಆಮೇಲೆ ಅಲ್ಲಿನ ಕ್ಲರ್ಕು — ನಮ್ಮ ಕಡೆಯ ಮನುಷ್ಯನೇ — ಇಂಗ್ಲಿಷಿನ ಒಂದು ಕಾಗದ ಮೇಜಿನ ಮೇಲಿಟ್ಟು, ಅವ್ವನ ಮುಂದೆ ಮಸಿ ಡಬ್ಬಿ ತಳ್ಳಿದ.

"ಹೆಬ್ಬೆಟ್ಟಾದ್ರೆ ನಾನು ಪೂರ್ತಿ ಓದಿ, ಅರ್ಥ ಹೇಳ್ಬೇಕು. ಸಾಕ್ಷಿಗೆ ಇನ್ನೊಬ್ರನ್ನ ಕರೀಬೇಕು. ರುಜು ಹಾಕೋರಾದ್ರೆ ಅದೆಲ್ಲ ಬ್ಯಾಡ" ಅಂದ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ನಾನು ಅಡ್ಡ ಬಂದೆ.

"ನಮ್ದು ಹೆಬ್ಬೆಟ್ಟಿನ ಮನೆ ಅಲ್ಲ ಸ್ವಾಮಿ. ನಾನು ಇಂಗ್ಲಿಷಿನಾಗೇ ರುಜು ಹಾಕ್ತೀನಿ."

"ಓದಿದ್ರಾ?"

"ಓದ್ದೆ."

ಓದಿದೆ ಅಂದೆ, ಮುನಿರಾಜು. ನೀನು ಪುಸ್ತಕ ಹಿಡಿದಾಗ ಕಣ್ಣು ಓಡಿಸುತ್ತೀಯಲ್ಲ, ಹಾಗೆ ಈ ಕಡೆಯಿಂದ ಆ ಕಡೆಗೆ ಕಣ್ಣು ಓಡಿಸಿ, ಓದಿದೆ ಅಂದೆ. ಅಪ್ಪ ಸತ್ತ ವರ್ಷ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇಂಗ್ಲಿಷು ಎಲ್ಲಿಂದ ಬರಬೇಕು? ಬರುತ್ತಿದ್ದದ್ದು ನನ್ನ ಹೆಸರೊಂದೇ. ಅದನ್ನೂ ಗಾಲಿಯ ಹಲಗೆಯ ಮೇಲೆ ಇದ್ದಿಲಿನಲ್ಲಿ ತಿದ್ದಿಸಿದವನು ನೀನು.

ಗಾಡಿಯಲ್ಲಿ ವಾಪಸು ಬರುವಾಗ ಅವ್ವ ಕೇಳಿದಳು: "ಏನಂತ ಬರ್ದಿತ್ತಪ್ಪ ಅದ್ರಾಗೆ?" "ನಿಂಗೆ ತಿಳೀದು, ಸುಮ್ಕಿರು" ಅಂದೆ. ತಿಳಿಯದವನು ಯಾರು?

ಅದು ತಪ್ಪೊಪ್ಪಿಗೆ ಕಾಗದ, ಇನ್ನು ಮೇಲೆ ಹುಡುಗ ಗಲಾಟೆ ಮಾಡುವುದಿಲ್ಲ ಅಂತ ಬರೆದಿದೆ — ಹಾಗಂದುಕೊಂಡೇ ರುಜು ಹಾಕಿದೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜವಿರಬಹುದು. ಆದರೆ 'ನೀವೇ ಬಿಡಿಸಿಕೊಂಡು ಹೋಗಬಹುದು' ಅಂದದ್ದನ್ನು ನನ್ನ ಕಿವಿ ಕೇಳಿತ್ತಲ್ಲ? ತಮಿಳು ನನಗೆ ಬರುತ್ತದಲ್ಲ? ಆ ತಿಂಗಳು ಗಾಲಿ ಮಾಡುವ ಕೊಟ್ಟಿಗೆಯಲ್ಲಿ ಕೆಲಸ ತುಂಬಿ, ಗಾಲಿಗೆ ಕಬ್ಬಿಣದ ಹಳಿ ಕಾಯಿಸಿ ಹಾಕಲು ಇನ್ನೊಂದು ಜೊತೆ ಕೈ ಬೇಕಿತ್ತು, ಅದೂ ಸುಳ್ಳಲ್ಲ. ನನ್ನೊಳಗೆ ಯಾರೋ ಒಬ್ಬ ಎಲ್ಲ ತಿಳಿದೇ ಪೆನ್ನು ಹಿಡಿದನೋ — ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಎಷ್ಟು ಸಲ ಆ ಮೇಜಿನ ಮುಂದೆ ಹೋಗಿ ನಿಂತರೂ ಒಂದೊಂದು ಸಲಕ್ಕೆ ಒಂದೊಂದು ಥರ ಕಾಣುತ್ತದೆ.

ಒಂದು ಮಾತ್ರ ಗೊತ್ತು. ವಾರದ ಮೇಲೆ ಅಂಚೆಯಲ್ಲಿ ಟಿ.ಸಿ. ಬಂತು. ಓದಿ ಹೇಳಲು ಮನೆಯಲ್ಲಿ ನೀನಿದ್ದೆ. ನಿನಗೆ ಕೊಡಲಿಲ್ಲ. "ಹೊರಗೆ ಹಾಕವ್ರೆ ಕಣ್ಲಾ" ಅಂದುಬಿಟ್ಟೆ. ನಾನು ಏನೂ ಅರಿಯದವನೇ ಆಗಿದ್ದರೆ ಅದನ್ನು ಯಾಕೆ ಬಚ್ಚಿಟ್ಟೆ?

ಮುಂದಿನದು ಇನ್ನೂ ಕೆಟ್ಟದ್ದು. ಸೂಳಗಿರಿಯ ಹತ್ತಿರ ಕೃಷ್ಣಗಿರಿಯ ವಕೀಲರೊಬ್ಬರ ಜಟಕಾ ಗಾಲಿ ಹಿಂದೊಮ್ಮೆ ಮುರಿದಾಗ ಅದನ್ನು ಸರಿಮಾಡಿಕೊಟ್ಟದ್ದು ನಾನೇ. ಆ ಸಲಿಗೆಯಿಂದ ಟಿ.ಸಿ. ತೋರಿಸಿ, ಸ್ಕೂಲಿನಲ್ಲಿ ನಾನು ರುಜು ಹಾಕಿ ಬಂದದ್ದನ್ನೂ ಹೇಳಿದೆ. ಓದಿ, ನನ್ನ ಮುಖ ನೋಡಿದರು.

"ವಿಚಾರಣೆ ಇಲ್ಲದೆ ಹುಡುಗನ್ನ ಹೊರಗೆ ಹಾಕೋ ಹಾಗಿಲ್ಲ ಕಣಪ್ಪ. ಅವನ ಮಾತೂ ಕೇಳ್ಬೇಕು, ನಿಮ್ಮ ಮಾತೂ ಕೇಳ್ಬೇಕು. ಆದ್ರೆ ನೀನೇ ಬಿಡಿಸಿದ್ದೀಯಲ್ಲ. ತಾಯಿ ಇರುವಾಗ ನೀನ್ಯಾಕೆ ರುಜು ಹಾಕ್ದೆ?"

ನಾನು ಟಿ.ಸಿ. ಮಡಿಸಿ ಜೇಬಿಗಿಟ್ಟುಕೊಂಡೆ. ಅವರೇ ಮುಂದುವರಿಸಿದರು:

"ಈಗ್ಲೂ ದಾರಿ ಇದೆ. ಇಂಗ್ಲಿಷ್ ಬರಲ್ಲ, ಓದದೆ ರುಜು ಹಾಕಿದ್ದೆ, ತಾಯಿಗೆ ಒಪ್ಪಿಗೆ ಇಲ್ಲ ಅಂತ ಅರ್ಜಿ ಕೊಡು. ನಾನೇ ಬರೀತೀನಿ. ಹೆಡ್‌ಮಾಸ್ಟರ ಮುಂದೆ ಅದನ್ನ ನಿನ್ನ ಬಾಯಲ್ಲಿ ಹೇಳ್ಬೇಕಾಗುತ್ತೆ, ಅಷ್ಟೇ."

ಅಷ್ಟೇ. ಅಷ್ಟನ್ನು ಹೇಳಿದ್ದರೆ ಆ ವರ್ಷ ನಿನ್ನ ಜಾಗ ನಿನಗೆ ಸಿಕ್ಕಿದರೂ ಸಿಗುತ್ತಿತ್ತು. "ನೋಡ್ತೀನಿ ಸ್ವಾಮಿ" ಅಂತ ಎದ್ದು ಬಂದೆ. ಹತ್ತು ಊರಿನ ಗಾಡಿ ನನ್ನ ಕೈಯಲ್ಲಿ ಓಡುತ್ತದೆ, ಯಾರ ಮುಂದೆಯೂ ಕೈ ಕಟ್ಟಿ ನಿಂತವನಲ್ಲ ನಾನು — ಆ ಕ್ಲರ್ಕಿನ ಮುಂದೆ ನಿಂತು ಓದಲಿಲ್ಲ, ಓದಲು ಬರುವುದಿಲ್ಲ ಅನ್ನುವುದು ನನ್ನಿಂದ ಆಗಲಿಲ್ಲ. ಮನೆಗೆ ಬಂದು ನಿನಗೆ ಹೇಳಿದೆ: "ವಕೀಲರ್ನೂ ಕೇಳ್ದೆ ಕಣ್ಲಾ, ಏನೂ ಮಾಡಾಕಾಗಕ್ಕಿಲ್ವಂತೆ." ನೀನು ಉಳಿ ಕೈಗೆ ತಗೊಂಡೆ. ಅವತ್ತಿನಿಂದ ಇವತ್ತಿನವರೆಗೂ ಚೆನ್ನಾಗಿಯೇ ಕೆಲಸ ಮಾಡಿದ್ದೀಯ. ನೀನು ಕೆಲಸ ಕೆಡಿಸಿದ್ದರೆ ಬಯ್ದಾದರೂ ಹಗುರಾಗುತ್ತಿದ್ದೆನೋ ಏನೋ.

ನೀನು ಬರುವುದರೊಳಗೆ ಅವ್ವನಿಗೂ ಹೇಳುತ್ತೇನೆ. ಕೇಳಬೇಕಾದದ್ದು ಅವಳನ್ನು, ಬಾಯಿ ಮುಚ್ಚಿಸಿದವನು ನಾನು. ಸೋಮವಾರ ನಾನೂ ಸ್ಕೂಲಿಗೆ ಬರುತ್ತೇನೆ. ಅವತ್ತು ಹೇಳಬೇಕಿದ್ದದ್ದನ್ನು ಅವರೆಲ್ಲರ ಮುಂದೆ ಹೇಳುತ್ತೇನೆ. ನಾಲ್ಕು ವರ್ಷ ಕಳೆದ ಮೇಲೆ ಅದಕ್ಕೆ ಬೆಲೆ ಇದೆಯೋ, ನಿನ್ನನ್ನು ಸೇರಿಸಿಕೊಳ್ಳುತ್ತಾರೋ — ನನಗೆ ತಿಳಿಯದು. ಸೇರಿಸಿಕೊಳ್ಳದಿದ್ದರೆ ಅವರನ್ನು ಬಯ್ಯಬೇಡ.

ನನ್ನ ಪಕ್ಕದಲ್ಲಿ ಕೂತು ಬರಲು ಮನಸ್ಸಾಗದಿದ್ದರೆ ಗಾಡಿ ನೀನೇ ಹೊಡೆದುಕೊಂಡು ಹೋಗು. ನಾನು ಬೆಳಗಾಗುತ್ತಲೇ ಹೊರಟು ನಡೆದುಕೊಂಡು ಬರುತ್ತೇನೆ.