ಸುಬ್ಬಣ್ಣನ ಲೋಟ

ಡಾಲಸ್ ಹತ್ತಿರದ ಕಾಪೆಲ್‌ನ ಚಂದ್ರಪ್ರಭಕ್ಕ ಯಾರ ಮನೆಗೆ ಹೋದರೂ ಕೈಚೀಲದಲ್ಲಿ ತಮ್ಮದೊಂದು ಬೆಳ್ಳಿ ಲೋಟ ಇಟ್ಟುಕೊಂಡೇ ಹೋಗುತ್ತಿದ್ದರು. ಯಾರ ಮನೆಗೆ ಹೋದರೂ ಅಂದೆ, ಆದರೆ ಆ ಲೋಟದ ನಿಜವಾದ ಗುರಿ ನಮ್ಮ ಮನೆ. ನಾನು ಕನಕಪುರದ ಕಡೆಯವಳು, ಇರೋದು ಪಕ್ಕದ ಕ್ಯಾರಲ್ಟನ್‌ನಲ್ಲಿ, ಭಾನುವಾರ ಬಂದರೆ ನಮ್ಮ ಒಲೆ ಮೇಲೆ ಕೋಳಿಸಾರು ಕುದಿಯಲೇಬೇಕು. ನಾವಿಬ್ಬರೂ ಡಾಲಸ್ಸಿಗೆ ಬಂದದ್ದು ಒಂದೇ ವರ್ಷ. ಇಬ್ಬರೂ ಡ್ರೈವಿಂಗ್ ಕಲಿತದ್ದು ಒಂದೇ ಡಕೋಟಾ ಕಾರಿನಲ್ಲಿ, ಹೆರಿಗೆ ಬಾಣಂತನಕ್ಕೆ ಒಬ್ಬರಿಗೊಬ್ಬರು ಆಗಿದ್ದೂ ಉಂಟು. ಆದರೂ ಅಕ್ಕ ನಮ್ಮ ಮನೆಗೆ ಬಂದರೆ ಚೀಲದಿಂದ ಲೋಟ ತೆಗೆದು, ನಲ್ಲಿಗೆ ತಾವೇ ಹಿಡಿದು, ನೀರು ಕುಡಿದು, ಕಾಫಿ ಬೇಡ ಕಣೇ, ಈಗ ತಾನೇ ಆಯ್ತು ಅನ್ನೋರು. ಇಷ್ಟು ವರ್ಷವೂ ಈಗ ತಾನೇ ಆದ ಕಾಫಿ! ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಮೇಲೆ ಮಾತ್ರ ನಗುತ್ತಿದ್ದೆ.

ಹಾಗಂತ ಅವರು ಕೆಟ್ಟವರಲ್ಲ. ಹಸಿದವರನ್ನು ಕಂಡರೆ ಅವರ ಕೈಕಾಲು ನಿಲ್ಲೋದಿಲ್ಲ. ಪಾರ್ಸೆಲ್ ತರುವ ಹುಡುಗನಿಗೆ ಚಿತ್ರಾನ್ನ, ಹುಲ್ಲು ಕತ್ತರಿಸುವ ಮೆಕ್ಸಿಕೋದವನಿಗೆ ಬಿಸಿಬೇಳೆಬಾತು. ಆತ ಕನ್ನಡದಲ್ಲಿ ಕಲಿತದ್ದು ಎರಡೇ ಮಾತು, 'ಊಟ ಆಯ್ತಾ'. ಗೇಟಿನಲ್ಲಿ ನನ್ನನ್ನು ಕಂಡರೂ ಅದನ್ನೇ ಕೇಳುತ್ತಾನೆ.

ಇಂಥ ಮಡಿವಂತರ ಮನೆಗೆ ಜೂನ್ ತಿಂಗಳಲ್ಲಿ ಹಾವು ಬಂತು. ತಂದವಳು ಮೊಮ್ಮಗಳು ಅನಿಕಾ. ಹ್ಯೂಸ್ಟನ್‌ನಲ್ಲಿರುವ ಮಗಳು ಜ್ಯೋತ್ಸ್ನಾಗೆ ಬಹಳ ವರ್ಷ ಮಕ್ಕಳಾಗಲಿಲ್ಲ ಅಂತ ಅಕ್ಕ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು. ಅವಳಿಗೆ ಆಸ್ಟಿನ್‌ನಲ್ಲಿ ಬೇಸಿಗೆ ಕ್ಲಾಸು, ಹಾಸ್ಟೆಲಿಗೆ ಹಾವು ತರೋ ಹಾಗಿಲ್ಲ, ಅಮ್ಮ ಮನೆಯೊಳಗೇ ಬಿಡಲಿಲ್ಲ. ಅಜ್ಜಿ ಬೇಡ ಅನ್ನೋ ಹಾಗಿಲ್ಲ, ಹರಕೆಯ ಋಣ ಬಾಗಿಲಿಗೇ ಬಂದು ನಿಂತಿದೆಯಲ್ಲ.

ಅದು ಬೋವಾ ಅಂತೆ, ನಮ್ಮ ಹೆಬ್ಬಾವಿನ ದೂರದ ನೆಂಟ. ಇನ್ನೂ ಮರಿ, ಮೊಳದ ಮೇಲೆ ಚೂರು ಉದ್ದ, ಕಾಫಿಪುಡಿ ಬಣ್ಣ, ಹೆಬ್ಬೆರಳಿನಷ್ಟು ತಲೆ. ಅನಿಕಾ ಇಟ್ಟಿದ್ದ ಹೆಸರು ಪೀನಟ್. ಅಕ್ಕ ಅದೇ ಸಂಜೆ ಸುಬ್ಬಣ್ಣ ಅಂತ ಬದಲಾಯಿಸಿದರು. ಗಾಜಿನ ಪೆಟ್ಟಿಗೆಯ ಒಂದು ಕಡೆ ಬಿಸಿ ಇರಬೇಕು, ಅಡಗಿಕೊಳ್ಳೋಕೆ ಒಂದು ಗೂಡು, ಕುಡಿಯೋಕೆ ನೀರು. ಫ್ರೀಜರ್‌ನಲ್ಲಿರುವ ಇಲಿಮರಿಯನ್ನು ವಾರ ಹತ್ತು ದಿನಕ್ಕೊಮ್ಮೆ ಬಿಸಿನೀರಿನಲ್ಲಿ ಕರಗಿಸಿ, ಇಕ್ಕಳದಲ್ಲಿ ಹಿಡಿದು ಕೊಡಬೇಕು, ಸುತ್ತ ಜನ ಇದ್ದರೆ ಅದು ತಿನ್ನೋದಿಲ್ಲ. ಇಷ್ಟನ್ನೂ ಅನಿಕಾ ಇಂಗ್ಲಿಷಿನಲ್ಲಿ ಹೇಳಿದಳು, ಅಜ್ಜಿ ಕನ್ನಡದಲ್ಲಿ ಹೂಂಗುಟ್ಟಿದರು. ಯಜಮಾನರು ಬದರೀನಾಥ ಅವರು ರಿಟೈರಾದ ಎಂಜಿನಿಯರು. ಅವತ್ತು ಸೋಫಾ ಮೇಲೆ ಎತ್ತಿಟ್ಟುಕೊಂಡ ಕಾಲನ್ನು ಇನ್ನೂ ಸರಿಯಾಗಿ ಇಳಿಸಿಲ್ಲ.

ಅನಿಕಾಳ ಕಾರು ರಸ್ತೆ ತಿರುಗಿದ್ದೇ ತಡ, ಇಲಿಯ ಪೊಟ್ಟಣ ಚೀಲದ ಮೇಲೆ ಚೀಲ ಸುತ್ತಿಸಿಕೊಂಡು ಗರಾಜಿನ ಹಳೇ ಫ್ರಿಜ್ಜಿಗೆ ಗಡಿಪಾರಾಯಿತು. ಕಾಯಿತುರಿ ಇಡೋ ಫ್ರೀಜರ್‌ನಲ್ಲಿ ಇಲಿಯೇ! ನಮ್ಮ ಮನೆಯಲ್ಲಿ ಇರೋವರೆಗೂ ನಮ್ಮ ಮನೆ ಊಟ ಅಂತ ಅಕ್ಕ ತೀರ್ಮಾನ ಕೊಟ್ಟರು. ಮೊದಲು ಹಾಲಿಟ್ಟರು, ಅದೂ ಆರ್ಗ್ಯಾನಿಕ್ಕು. ಆಮೇಲೆ ಬಾಳೆಹಣ್ಣು, ನೆನೆಸಿದ ಹೆಸರುಬೇಳೆ, ಕೊನೆಗೆ ಒಗ್ಗರಣೆಯಿಲ್ಲದ ಮೊಸರನ್ನ. ಸುಬ್ಬಣ್ಣ ಮೊಸರನ್ನದ ಮೇಲೆ ಹರಿದುಹೋಗಿ ಗೂಡು ಸೇರಿಕೊಂಡ. ದಿನಾ ವಿಡಿಯೋ ಕಾಲಿನಲ್ಲಿ ಅನಿಕಾ ಅವನು ತಿಂದನಾ ಅಂತ ಕೇಳೋಳು. ಸುಳ್ಳು ಅಂದರೆ ಮೈಲಿಗೆ ಅನ್ನೋ ಅಕ್ಕ, ಹೊಟ್ಟೆ ತುಂಬ ತಿಂದ ಅನ್ನೋರು.

ಜುಲೈ ಹೊತ್ತಿಗೆ ನಾನು ನೋಡಿದಾಗ ಅದರ ಚರ್ಮ ಹಳೇ ಕಾಲುಚೀಲದ ಹಾಗೆ ಸಡಿಲವಾಗಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ನೀವು ಮುಟ್ಟಬೇಡಿ, ನಾನು ಕೊಡ್ತೀನಿ, ಇಲಿ ಎಲ್ಲಿ ಅಂತ ಕೇಳಿದೆ. ನೀನು ಕೊಟ್ಟರೂ ನನ್ನ ಮನೆಯೊಳಗೇ ತಾನೇ ಕಣೇ ಅಂದರು. ಇದು ದೇವರ ಹಾವಂತೆ, ಇದರ ಹಸಿವೇ ಬೇರೆ ಥರ ಅಂತೆ. ಹಾಗೆ ಹೇಳುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಅವರೂ ಒಪ್ಪೊತ್ತು ಊಟ ಬಿಟ್ಟಿದ್ದಾರೆ ಅಂತ ಬದರೀನಾಥರು ಆಮೇಲೆ ಹೇಳಿದರು.

ಅಷ್ಟರಲ್ಲಿ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತ್ತು. ನಮ್ಮ ಜನಕ್ಕೆ ನಾಗರಪಂಚಮಿಗೆ ಇಲ್ಲಿ ಹುತ್ತವೇ ಸಿಗದು. ಹಿಂದೊಂದು ವರ್ಷ ಮಹತಿ ಅನ್ನೋಳು ಪಾರ್ಕಿನಲ್ಲಿ ಮಣ್ಣುಗುಡ್ಡೆ ಕಂಡು, ಸೀರೆ ಸೆರಗು ಹೊದ್ದು ಭಕ್ತಿಯಿಂದ ಹಾಲೆರೆದಿದ್ದಳು. ಅದು ಬೆಂಕಿ ಇರುವೆಯ ಗೂಡು. ಕಾಲು ಊದಿ ವಾರವೆಲ್ಲ ಚಪ್ಪಲಿ ಹತ್ತಲಿಲ್ಲ. ಈಗ ಕಾಪೆಲ್‌ನಲ್ಲಿ ಸಾಕ್ಷಾತ್ ನಾಗಪ್ಪನೇ ಹೀಟ್ ಲ್ಯಾಂಪಿನ ಕೆಳಗೆ ಕೂತಿದ್ದಾನೆ ಅಂದರೆ ಬಿಡುತ್ತಾರೆಯೇ?

ಪಂಚಮಿ ದಿನ ಬೆಳಗ್ಗೆಯೇ ಬೀದಿ ತುಂಬ ಕಾರು. ಹ್ಯೂಸ್ಟನ್‌ನಿಂದ ಡಾಕ್ಟರ್ ಉದಯಶಂಕರ ಬಂದರು. ಆಸ್ಪತ್ರೆಯಿಂದ ರಿಟೈರಾದ ಮೇಲೆ ಜನಕ್ಕೆ ಮದ್ದು ಕೊಡೋದು ಬಿಟ್ಟು ಅಭಿಪ್ರಾಯ ಕೊಡುತ್ತಾರೆ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ಸಂಪತ್ ಅನ್ನೋ ಸಾಫ್ಟ್‌ವೇರಿನವನು ಗೆಳೆಯರ ದಂಡು ಕಟ್ಟಿಕೊಂಡು ಬಂದ. ಡಾಕ್ಟರದು ಒಂದೇ ಹಟ, ಹಾವನ್ನು ಹ್ಯೂಸ್ಟನ್ನಿಗೆ ಕೊಡಿ, ಗುಡಿ ಕಟ್ಟಿಸುತ್ತೇವೆ. ಹುಡುಗಿ ಓದೋದು ಆಸ್ಟಿನ್‌ನಲ್ಲಿ, ಹಾಗಾಗಿ ದೇವರೂ ಆಸ್ಟಿನ್ನಿನದೇ ಅಂತ ಸಂಪತ್. ಇದಕ್ಕೆ ಹೆಡೆಯೇ ಇಲ್ಲವಲ್ಲ ಅಂತ ನಾನು ಕೇಳಿದೆ. ಅದು ಅದರ ವಿನಯ ಅಂದರು ಡಾಕ್ಟರು. ಅಲ್ಲಾಡುತ್ತಲೇ ಇಲ್ಲವಲ್ಲ ಅಂದೆ. ಸಮಾಧಿ ಸ್ಥಿತಿ ಅಂದರು. ಅಷ್ಟರಲ್ಲಿ ಯಾರೋ ಗೂಡು ಎತ್ತಿಟ್ಟು ಅದರ ತಲೆ ಮೇಲೇ ಹಾಲು ಹುಯ್ದರು. ಸುಬ್ಬಣ್ಣ ಕಷ್ಟಪಟ್ಟು ತಲೆ ಎತ್ತಿ, ಬಾಯಿ ಸ್ವಲ್ಪ ತೆರೆದು, ಮತ್ತೆ ಅಲ್ಲೇ ಮಲಗಿದ. ಜನ ಕೈ ಮುಗಿದರು. ಅಕ್ಕ ಮೂಲೆಯಲ್ಲಿ ಮಡಿಸೀರೆಯಲ್ಲಿ ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಅನಿಕಾಳ ವಿಡಿಯೋ ಕಾಲ್ ಬಂತು. ಅಕ್ಕ ಕಟ್ ಮಾಡೋಕೆ ಹೋದರು, ಸಂಪತ್ ಉತ್ಸಾಹದಲ್ಲಿ ಅದನ್ನು ತೆಗೆದು ಫೋನನ್ನು ನೇರ ಪೆಟ್ಟಿಗೆಗೆ ಹಿಡಿದ. ಹುಟ್ಟಿದಾಗಿನಿಂದ ನಮಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಅವತ್ತು ಕನ್ನಡದಲ್ಲಿ ಕೇಳಿದಳು.

"ಅಜ್ಜಿ, ಅವನಿಗೆ ಊಟ ಆಯ್ತಾ?"

ಅಕ್ಕ ಫೋನ್ ಕೈಗೆ ತೆಗೆದುಕೊಂಡರು.

"ಇಲ್ಲ ಪುಟ್ಟಿ. ಒಂದು ದಿನಾನೂ ಆಗಿಲ್ಲ. ನಾನೇ ಹಾಕಿಲ್ಲ."

ಆಮೇಲೆ ಅವರು ಆ ಮನೆಯಲ್ಲಿ ಯಾರೂ ಕಂಡಿರದ ಕೆಲಸ ಮಾಡಿದರು. ಹಬ್ಬದ ದಿನ, ಬಂದವರನ್ನೆಲ್ಲ ಪ್ರಸಾದವನ್ನೂ ಕೊಡದೆ ಆಚೆ ಕಳಿಸಿದರು. ಡಾಕ್ಟರು, ಸಂಪತ್, ಹಾಲಿನ ಬಟ್ಟಲುಗಳು, ಎಲ್ಲ ಟೆಕ್ಸಸ್ಸಿನ ಸುಡುಬಿಸಿಲಿಗೆ ಡ್ರೈವ್‌ವೇಯಲ್ಲಿ ನಿಂತವು. ನಾನೂ ಹೊರಡೋಕೆ ಎದ್ದೆ. ನೀನು ಎಲ್ಲಿಗೆ ಅಂತ ಕೈ ಹಿಡಿದರು. ಫ್ರೀಜರ್‌ದು ಹೇಗೆ ಕರಗಿಸೋದು ಕುಮುದಾ, ನಿಂಗೆ ಗೊತ್ತಿರತ್ತಲ್ಲ ಅಂದರು. ಆ ಮನೆಯಲ್ಲಿ ನನ್ನ ಕೋಳಿ ವಿದ್ಯೆಗೆ ಬೆಲೆ ಬಂದದ್ದು ಅವತ್ತೇ ಮೊದಲು.

ಮೈಕ್ರೋವೇವ್ ಬೇಡ, ಒಂದು ಆಳವಾದ ಪಾತ್ರೆಯಲ್ಲಿ ಬಿಸಿನೀರು ಹಾಕಿ ಅಂದೆ. ನಾನು ಯಾವುದಾದರೂ ಹಳೇ ಪ್ಲಾಸ್ಟಿಕ್ ಡಬ್ಬಿ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಕೈಚೀಲದಿಂದ ಬೆಳ್ಳಿ ಲೋಟ ತೆಗೆದು ಇಲಿಮರಿಯನ್ನು ಅದರೊಳಗೆ ಇಳಿಬಿಟ್ಟಿದ್ದರು. ನಾನು ಡಬ್ಬಿ ಹುಡುಕೋದು ಬಿಟ್ಟು ಲೋಟಕ್ಕೆ ಬಿಸಿನೀರು ಹುಯ್ದೆ. ಅಕ್ಕ ಪೆಟ್ಟಿಗೆ ಒರೆಸಿ, ಗೂಡು ವಾಪಸ್ ಇಟ್ಟು, ಪರದೆ ಎಳೆದು, ಹಪ್ಪಳದ ಇಕ್ಕಳದಲ್ಲಿ ಹಿಡಿದು ನೀಡಿದರು. ಸುಬ್ಬಣ್ಣನ ನಾಲಗೆ ಒಮ್ಮೆ ಹೊರಗೆ ಬಂತು, ಮತ್ತೊಮ್ಮೆ ಬಂತು. ಇದ್ದಕ್ಕಿದ್ದಂತೆ ಹಾರಿ ಕಚ್ಚಿ, ಇಲಿಯ ಮೈಯೆಲ್ಲ ಸುತ್ತಿಕೊಂಡ. ಅಕ್ಕ ಅಲ್ಲೇ ನೆಲದ ಮೇಲೆ ಕೂತು, ತಿನ್ನು ಕಂದ, ತಿನ್ನು ಅಂತ ಅಳೋಕೆ ಶುರು ಮಾಡಿದರು.

ಡಾಕ್ಟರು ಕಿಟಕಿಯ ಪರದೆ ಸಂದಿಯಿಂದ ನೋಡಿದ್ದರು. ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. ಪಂಚಮಿ ದಿನ ತರಕಾರಿ ಕೂಡ ಹೆಚ್ಚಬಾರದು, ಅಂಥದ್ದರಲ್ಲಿ ಇದೇನಮ್ಮ ಅಂತ.

"ನಾನೇನೂ ಹೆಚ್ಚಲಿಲ್ಲ ಡಾಕ್ಟರೇ. ಇಡಿಯಾಗೇ ಕೊಟ್ಟೆ" ಅಂದರು ಅಕ್ಕ.

ಸುಬ್ಬಣ್ಣ ಅಜ್ಜಿ ಮನೆಯಲ್ಲೇ ಉಳಿದು ದುಂಡಗಾಗಿದ್ದಾನೆ, ಅನಿಕಾ ಬಂದು ಮುದ್ದಾಡಿ ಹೋದಳು. ಅಜ್ಜಿಯ ಮೇಲೆ ಎರಡು ದಿನ ಮುನಿಸಿಕೊಂಡಿದ್ದಳು, ಆಮೇಲೆ ಸರಿಹೋಯಿತು. ಅಕ್ಕನಿಗೆ ಮಾತ್ರ ಭಜನೆಯ ಕರೆ ನಿಂತಿತು, ಹಬ್ಬಕ್ಕೆ ಹೋಳಿಗೆ ಮಾಡಿಕೊಡಿ ಅನ್ನೋರೂ ನಿಂತರು. ಹ್ಯೂಸ್ಟನ್ನಿನವರು ಬೆಳ್ಳಿಯದೊಂದು ಹಾವು ಮಾಡಿಸಿಕೊಂಡಿದ್ದಾರಂತೆ. ಅದಕ್ಕೆ ಹಸಿವಾಗೋದಿಲ್ಲ, ಎಲ್ಲರಿಗೂ ಅನುಕೂಲ.

ಹೋದ ಭಾನುವಾರ ಅಕ್ಕ ನಮ್ಮ ಮನೆಗೆ ಬಂದರು. ಒಲೆ ಮೇಲೆ ಕೋಳಿಸಾರು ಕುದಿಯುತ್ತಿತ್ತು. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡರು, ತೆರೆಯಲಿಲ್ಲ.

"ಲೋಟ ಸುಬ್ಬಣ್ಣಂಗೆ ಆಯ್ತು ಕಣೇ. ನಿಮ್ಮನೇದರಲ್ಲೇ ಒಂದು ಕಾಫಿ ಕೊಡು."

ಇಷ್ಟು ವರ್ಷ ನನ್ನ ಸ್ನೇಹದಿಂದ ಆಗದ್ದು ಒಂದು ಇಲಿಮರಿಯಿಂದ ಆಯಿತು. ಡಿಕಾಕ್ಷನ್ ಚೆಲ್ಲಿದೆ, ಸಕ್ಕರೆ ಎಷ್ಟು ಹಾಕಿದೆನೋ ನೆನಪಿಲ್ಲ. ಅಕ್ಕ ಲೋಟವನ್ನು ತುಟಿಗೆ ತಾಗಿಸಿ, ಕಚ್ಚಿಯೇ ಒಂದು ಗುಟುಕು ಕುಡಿದರು. ಸಕ್ಕರೆ ಜಾಸ್ತಿ ಆಯ್ತು ಅಂತ ಮುಖ ಸಿಂಡರಿಸಿ, ಪೂರ್ತಿ ಕುಡಿದು ಇಟ್ಟರು.