ಗುರುವಾರದೊಳಗೊಂದು ಕಾರು

ಹರಿದ ಸೀಟು ಹೊಲಿಯುವುದು ಅವನ ಕಸುಬು. ಬೀದಿಗೆಲ್ಲ ಅವನು ಸೀಟಣ್ಣ. ಅಂಗಡಿಯೆಂದರೆ ಒಂದು ಷಟರು, ದಪ್ಪ ಸೂಜಿಯ ಮಷೀನು, ಮೂಲೆಯಲ್ಲಿ ತಾರಸಿ ಮುಟ್ಟುವಷ್ಟು ಫೋಮು. ಗಿರಾಕಿಗಳ ಕಾರನ್ನು ಒಳಗೆ ತಂದು ಹೊರಗೆ ಬಿಟ್ಟು ಓಡಿಸುವುದು ಕೈಗೆ ಹತ್ತಿತ್ತು, ಸ್ವಂತಕ್ಕೆಂದು ಇದ್ದದ್ದು ಮಾತ್ರ ಒಂದು ಸೈಕಲ್ಲು.

ಈಗ ಅವನಿಗೊಂದು ಕಾರು ಬೇಕಾಗಿತ್ತು, ಅದೂ ಗುರುವಾರದೊಳಗೆ. ಹೆಂಡತಿಯ ಸೊಂಟದ ಮೂಳೆಯಲ್ಲಿ ಗಡ್ಡೆ. ಮೂರು ವಾರಕ್ಕೊಮ್ಮೆ ಔಷಧಿ ಏರಿಸುವ ಆಸ್ಪತ್ರೆ ಹೆದ್ದಾರಿಯಲ್ಲಿ ಆರು ಗಂಟೆಯ ದಾರಿ. ಆರು ವಾರದ ಹಿಂದೆ ಬಸ್ಸಿನಲ್ಲಿ ಹೋಗಿ ಬಂದವಳು ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅದರ ಮುಂದಿನ ಸಲ ಹೊರಡಲೇ ಇಲ್ಲ. ಡಾಕ್ಟರಮ್ಮ ಫೋನಿನಲ್ಲಿ, "ಈ ಗುರುವಾರಾನೂ ತಪ್ಪಿದ್ರೆ ಇದುವರೆಗೆ ಕೊಟ್ಟಿದ್ದೆಲ್ಲ ನೀರಲ್ಲಿ ಹೋಮ ಕಣಪ್ಪ" ಅಂದಿದ್ದರು.

ಸೋಮವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಕಾರು ನೋಡಲು ಹೊರಟಾಗ ಬಾಮೈದನೂ ಜೊತೆಗೆ ಬಂದ. ಲಾರಿ ಓಡಿಸುವವನು, ಇಂಜಿನ್ನಿನ ನಾಡಿ ಹಿಡಿದವನು.

"ದೂರದ ದಾರಿಗೆ ಡೀಸೆಲ್ಲೇ ಸರಿ ಭಾವ. ಒಂದೇ ಸಮ ಓಡ್ತದೆ, ಉಸಿರು ಕಟ್ಟಲ್ಲ. ಬರೀ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದು ಊರೊಳಗೇ ಓಡಿರೋ ಡೀಸೆಲ್ ಕಾರು ಮಾತ್ರ ಬೇಡ. ಅದರ ಹೊಗೆಕೊಳವೆ ಮಸಿ ಕಟ್ಟಿರ್ತದೆ."

ಹಳೆ ಕಾರು ಮಾರುವ ಅಂಗಳದಲ್ಲಿ ದಲ್ಲಾಳಿ ಬಾಯಿತುಂಬ ನಗುತ್ತ ಎದುರು ಬಂದ. ಬಾಮೈದ ಮಾತಾಡದೆ ಮೊದಲ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಏನ್ ಸ್ವಾಮಿ, ಇದಕ್ಕೆ ಜ್ವರ ಬಂದಿದೆಯಾ? ನಾವು ಬರೋದಕ್ಕೆ ಮುಂಚೇನೇ ಬಿಸಿ ಮಾಡಿ ಇಟ್ಟಿದ್ದೀರಿ? ತಣ್ಣಗಿದ್ರೆ ಸ್ಟಾರ್ಟ್ ಆಗಲ್ವಾ?"

"ಬಿಸಿಲು ಕಣಣ್ಣ."

"ಬಿಸಿಲು ಬರೀ ನಿಮ್ಮ ಬಾನೆಟ್ಟಿಗೆ ಬೀಳ್ತದಾ? ಪಕ್ಕದ್ದು ತಣ್ಣಗಿದೆ."

ಬಿಸಿ ಇದ್ದವನ್ನೆಲ್ಲ ಬಿಟ್ಟು, ತಣ್ಣಗಿದ್ದವುಗಳಲ್ಲಿ ಮೂರನ್ನು ಆರಿಸಿದರು. ಆಮೇಲೆ ಸೀಟಣ್ಣನ ಹಟ. ದಲ್ಲಾಳಿ ಕೊಡುವ ಒಂದು ಸುತ್ತು ಅವನಿಗೆ ಸಾಲದು. ಹತ್ತು ನಿಮಿಷಕ್ಕೆ ಕಲ್ಲುಬೆಂಚೂ ಮೆತ್ತಗೇ ಇರುತ್ತದೆ. ಇಂಜಿನ್ ಚಾಲೂ ಇಟ್ಟು, ಒಂದೊಂದು ಕಾರಿನಲ್ಲೂ ಹೆಂಡತಿಯನ್ನು ಅರ್ಧರ್ಧ ಗಂಟೆ ಕೂರಿಸಿದ.

"ಅಕ್ಕ, ಇಲ್ಲೇ ಸಂಸಾರ ಹೂಡ್ತೀರೇನು? ಒಲೆ ತಂದುಕೊಡ್ಲಾ?" ಎಂದು ದಲ್ಲಾಳಿ ಅಣಕಿಸಿದ.

ಅವಳು ನಕ್ಕಳು. ಮೊದಲನೆಯದಕ್ಕೆ "ಚೆನ್ನಾಗಿದೆ ರೀ" ಅಂದಳು. ಎರಡನೆಯದಕ್ಕೂ ಅದೇ. ಮೂರನೆಯದರಿಂದ ಇಳಿದಾಗ, "ಇದೂ ಚೆನ್ನಾಗಿದೆ, ಯಾವುದಾದ್ರೂ ಒಂದು ತಗೊಳ್ಳಿ" ಅಂದಳು.

ಬಾಮೈದ ಅವಳನ್ನು ನೆರಳಿಗೆ ಕರೆದುಕೊಂಡು ಹೋದ. ಸೀಟಣ್ಣ ಅಭ್ಯಾಸಬಲದಿಂದ ಅವಳು ಎದ್ದ ಜಾಗದ ಮೇಲೆ ಅಂಗೈ ಆಡಿಸಿದ. ಯಾವ ಸೀಟನ್ನಾದರೂ ಬಿಚ್ಚುವ ಮೊದಲು ಹೀಗೆ ಸವರುವುದು ಅವನ ರೂಢಿ. ಭಾರ ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂಬುದು ಕೈಗೆ ತಿಳಿಯುತ್ತದೆ. ಎಡಗಡೆ ಬೆಚ್ಚಗಿತ್ತು. ಬಲಗಡೆ ತಣ್ಣಗೆ, ಯಾರೂ ಕೂತೇ ಇಲ್ಲವೆಂಬಂತೆ ಇತ್ತು. ಎಡ ಅಂಚಿನಲ್ಲಿ ಬೆವರಿನ ಐದು ಬೆರಳು ಅಚ್ಚೊತ್ತಿದ್ದವು.

ಅರ್ಧ ಗಂಟೆ ಪೂರ್ತಿ ಅವಳು ಒಂದು ಕೈ ಊರಿಕೊಂಡು ಒಂದೇ ಪಕ್ಕಕ್ಕೆ ವಾಲಿಕೊಂಡಿದ್ದಳು. ಹಾಗೆಯೇ ನಗುತ್ತಿದ್ದಳು.

ಊರವರ ಬೆನ್ನು, ಸೊಂಟವನ್ನೆಲ್ಲ ಸೀಟಿನಲ್ಲೇ ಓದುತ್ತಿದ್ದವನು ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇವಳು ಹೇಗೆ ಕೂರುತ್ತಾಳೆಂದು ಒಂದು ದಿನವೂ ನೋಡಿರಲಿಲ್ಲ. ಬೈಯುವುದೆಲ್ಲ ಬಸ್ಸಿಗೆ ಬೈದಿದ್ದ.

ನೆರಳಿಗೆ ಹೋಗಿ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಯಾಕೆ ಸುಳ್ಳು ಹೇಳ್ತೀಯೇ?"

"ಏನ್ ಸುಳ್ಳು?"

"ಬಲಗಡೆ ನೀನು ಕೂತೇ ಇಲ್ಲ."

ಅವಳು ತಮ್ಮನ ಮುಖ ನೋಡಿ, ಆಮೇಲೆ ನೆಲ ನೋಡಿದಳು. "ಯಾವ ಕಾರಾದ್ರೂ ಅಷ್ಟೇ ರೀ. ನನ್ನ ಕೈಲಾಗಲ್ಲ. ಕಾರು ಕೊಂಡ್ರೆ ನಿಮಗೆ ಸಮಾಧಾನ ಆಗ್ಲಿ ಅಂತ ಹೂಂ ಅಂದೆ. ಗುರುವಾರ ಬೆಳಿಗ್ಗೆ ಬರಲ್ಲ ಅನ್ನೋಣ ಅಂತಿದ್ದೆ."

ಬಾಮೈದ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಸೀಟಣ್ಣ ಎದ್ದು ಹೋಗಿ, ಮೂರರಲ್ಲಿ ಇಂಜಿನ್ ಅತಿ ಕಡಿಮೆ ನಡುಗುತ್ತಿದ್ದ ಬೂದು ಬಣ್ಣದ ಕಾರನ್ನು ಮುಟ್ಟಿ, "ಇದು" ಅಂದ. ಅದರ ಮುಂದಿನ ಸೀಟು ಹರಿದು ಫೋಮು ಹೊರಗೆ ಬಂದಿತ್ತು. ದಲ್ಲಾಳಿಗೇ ನಾಚಿಕೆಯಾಗಿ, "ಅಣ್ಣ, ಅದರ ಸೀಟು..." ಅಂದ. "ಸೀಟು ಹೇಗೂ ಕಿತ್ತು ಹಾಕ್ತೀನಿ" ಅಂದ ಸೀಟಣ್ಣ.

ಮಂಗಳವಾರ ನಾಲ್ಕು ಬೋಲ್ಟು ಬಿಚ್ಚಿ ಆ ಸೀಟನ್ನು ಅಂಗಡಿಯ ನೆಲದ ಮೇಲಿಟ್ಟು ಹೆಂಡತಿಯನ್ನು ಕೂರಿಸಿದ.

"ಎಲ್ಲಿ ನೋವು?"

"ಏನಿಲ್ಲ."

"ಎಲ್ಲಿ ಅಂತ ಹೇಳೇ. ನಾನೇನು ಡಾಕ್ಟರಲ್ಲ, ಕತ್ತರಿಸೋದು ನಿನ್ನನ್ನಲ್ಲ, ಫೋಮನ್ನ."

ಅವಳು ಬೆರಳಿಟ್ಟು ತೋರಿಸಿದಳು. ಅವನು ಅಲ್ಲಿ ಚಾಕುವಿನಿಂದ ಗುಳಿ ತೆಗೆದ. ಕೂತಳು, ತುಟಿ ಕಚ್ಚಿದಳು, "ಇನ್ನೂ ಸ್ವಲ್ಪ ಕೆಳಗೆ" ಅಂದಳು. ಬುಧವಾರ ಸಂಜೆಯವರೆಗೆ ಅದೇ ಕೆಲಸ. ಕತ್ತರಿಸುವುದು, ತುಂಬುವುದು, ಮತ್ತೆ ಕತ್ತರಿಸುವುದು. ಇಪ್ಪತ್ತು ನಿಮಿಷ ತಡೆದುಕೊಳ್ಳುತ್ತಿದ್ದವಳು ನಲವತ್ತು ನಿಮಿಷ ತಡೆದುಕೊಂಡಳು. ಅದರ ಮೇಲೆ ಏನು ಮಾಡಿದರೂ ಒಂದು ನಿಮಿಷ ಹೆಚ್ಚಲಿಲ್ಲ.

ಗುರುವಾರ ಬೆಳಕು ಹರಿಯುವಾಗಲೇ ಹೊರಟರು. ನಲವತ್ತು ನಿಮಿಷಕ್ಕೆ ಸರಿಯಾಗಿ ಅವಳು "ನಿಲ್ಸಿ" ಅನ್ನುವಳು. ಬದಿಯಲ್ಲಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಹಾಸಿದ್ದ ಫೋಮಿನ ಮೇಲೆ ಮಗ್ಗುಲಾಗಿ ಮಲಗಿಸುವನು; ಓಡುವಾಗ ಮಲಗಿದರೆ ಕುಲುಕಾಟ ನೇರ ಮೂಳೆಗೇ ಬಡಿಯುತ್ತಿತ್ತು. ಲಾರಿಗಳು ಹಾದುಹೋದಾಗಲೆಲ್ಲ ಕಾರು ಅಲುಗಿ ಅವಳು ಹಲ್ಲು ಕಚ್ಚುವಳು. ಬಾಮೈದ ಹೊರಗೆ ನಿಂತು ಹಿಂದಿನಿಂದ ಬರುವ ಗಾಡಿಗಳಿಗೆ ಕೆಂಪು ಬಟ್ಟೆ ಬೀಸುವನು.

ಐದನೇ ಸಲ ನಿಂತಾಗ ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. ಸೀಟಣ್ಣ ಸ್ಟೀರಿಂಗಿನ ಮೇಲೆ ಹಣೆ ಊರಿದ. ಅವನಿಂದ ಇನ್ನು ನೋಡಲಾಗಲಿಲ್ಲ.

"ತಿರುಗಿಸ್ಲಾ? ಮನೆಗೆ ಹೋಗ್ಬಿಡೋಣ್ವಾ?"

ಅವಳು ಉಸಿರು ಹಿಡಿದುಕೊಂಡು ಕೇಳಿದಳು, "ಎಷ್ಟು ಬಂದಿದೀವಿ?"

"ಅರ್ಧ," ಅಂದ ಬಾಮೈದ.

"ಹಾಗಾದ್ರೆ ಹಿಂದಕ್ಕೂ ಅಷ್ಟೇ ನೋವು, ಮುಂದಕ್ಕೂ ಅಷ್ಟೇ ನೋವು." ಅವಳು ಮುಂದಿನ ಸೀಟಿಗೆ ಹತ್ತಿಸೆಂದು ಗಂಡನ ಕಡೆ ಕೈ ಚಾಚಿದಳು. "ಮುಂದಕ್ಕೇ ಹೋಗೋಣ ನಡೀರಿ."