ಅಂಜಿನಪ್ಪ ಕೇಳದೆ ಬಿಟ್ಟ ಪ್ರಶ್ನೆ

ನನ್ನ ಭಾವ, ಅಕ್ಕನ ಗಂಡ ಅಂಜಿನಪ್ಪನವರದು ಮಾತು ಕಮ್ಮಿ. ಗೂಳೂರಿನಿಂದ ತೊಂಬತ್ತೆರಡರಲ್ಲಿ ತುಮಕೂರಿಗೆ ಬಂದು ಬಟವಾಡಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದರು. ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಕಸುಬು. ಪಂಪ್‌ಸೆಟ್ಟು, ಗ್ರೈಂಡರು, ಮಿಕ್ಸಿ, ಯಾವುದು ಬಂದರೂ ಮೊದಲು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಆಮೇಲೆ ತಂದವನ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ.

"ಯಾವಾಗಿಂದ?"

ಅದಕ್ಕೆ ಊರಿಗೆಲ್ಲ ಒಂದೇ ಉತ್ತರ. "ನಿನ್ನೆವರ್ಗೂ ಚೆನ್ನಾಗಿತ್ತು ಕಣಣ್ಣ." ಭಾವ ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾ ಕೂರುತ್ತಾರೆ. ಎರಡು ನಿಮಿಷಕ್ಕೆ ಆಸಾಮಿ ಬೆವರಿ, "ಹದಿನೈದ್ ದಿನದಿಂದ ಗೊರಗೊರ ಅಂತಿತ್ತು" ಅನ್ನುತ್ತಾನೆ. ಇನ್ನೊಂದು ನಿಮಿಷಕ್ಕೆ, "ಒಂದ್ಸಲ ಬಚ್ಚಲಿಗೆ ಬಿದ್ದಿತ್ತು" ಅನ್ನುತ್ತಾನೆ. ಆಗ ಭಾವ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. "ಸ್ಕ್ರೂ ಬಿಚ್ಚಕ್ಕಿಂತ ಮುಂಚೆ ಸುಳ್ಳು ಬಿಚ್ಬೇಕು ಮೇಷ್ಟ್ರೆ" ಎಂದು ಸ್ಕೂಲ್ ಮೇಷ್ಟ್ರಾದ ನನಗೆ ಅವರೇ ಒಮ್ಮೆ ಹೇಳಿದ್ದುಂಟು.

ಇಂಥ ಮನುಷ್ಯ ಹದಿನೈದು ವರ್ಷದಲ್ಲಿ ಆ ಪ್ರಶ್ನೆ ಕೇಳದೆ ಕೈಹಾಕಿದ್ದು ಒಂದೇ ಒಂದು ಸಾಮಾನಿಗೆ. ಅದು ಅಳಿಯನಾಗುವವನ ಲ್ಯಾಪ್‌ಟಾಪು. ಅಳಿಯನನ್ನು ಯಾರಾದರೂ ಹಾಗೆಲ್ಲ ಪ್ರಶ್ನೆ ಕೇಳುತ್ತಾರೆಯೇ? ನಮ್ಮಲ್ಲಿ ಕೇಳುವುದಿಲ್ಲ. ಅದಕ್ಕೇ ನಮ್ಮ ಗತಿ ಹಾಗಾದದ್ದು.

ಎರಡು ಸಾವಿರದ ಏಳನೇ ಇಸವಿ. ಭಾವನ ಮಗಳು ಶಾಂತಲಾಗೆ ಕುಣಿಗಲ್ ಕಡೆಯ ಸಂಬಂಧ ಕುದುರಿತ್ತು. ಹುಡುಗ ಲಕ್ಷ್ಮೀಕಾಂತ್, ತುಮಕೂರಿನದೇ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಇಂಜಿನಿಯರು. ಶಾಂತಲಾ ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲೇ ತಂತಿಯ ಸುತ್ತು ಎಣಿಸುತ್ತಿದ್ದಳು. ಇವನಿಗಿಂತ ಮುಂಚೆ ನೋಡಲು ಬಂದ ಮೂವರೂ ಸುತ್ತಿದ ತಂತಿಗೆ ಹಚ್ಚುವ ವಾರ್ನಿಷಿನ ಕಲೆ ಅವಳ ಕೈಯಲ್ಲಿ ನೋಡಿ ಮುಖ ಹಿಂಡಿದ್ದರು. ಇವನೊಬ್ಬ ಮಾತ್ರ, "ಮೋಟರ್ ನೀವೂ ಸುತ್ತುತ್ತೀರಾ?" ಎಂದು ಕೇಳಿ ಕಣ್ಣರಳಿಸಿದ್ದ. ಆವತ್ತು ರಾತ್ರಿ ಅವಳು ಎರಡು ಸಲ ತಲೆ ಬಾಚಿಕೊಂಡಳು ಎಂದು ನನ್ನ ಅಕ್ಕ ರೇವಮ್ಮ ನನಗೆ ಫೋನ್ ಮಾಡಿ ಹೇಳಿದ್ದಳು. ವೀಳ್ಯಶಾಸ್ತ್ರವೂ ಆಯಿತು. ಲಗ್ನದ ದಿನ ಗೊತ್ತು ಮಾಡುವುದಷ್ಟೇ ಬಾಕಿ.

ಕಷ್ಟವಿದ್ದದ್ದು ಹುಡುಗನ ಅಪ್ಪ ಪುಟ್ಟರಂಗಯ್ಯನವರದು. ಅವರಿಗೆ ಕಾಲ್ಗುಣದ ಮೇಲೆ ವಿಪರೀತ ನಂಬಿಕೆ. ಹಿಂದೆ ಒಂದು ಹೆಣ್ಣು ಒಪ್ಪಿ ಬಂದ ದಿನವೇ ಅವರ ಬೋರ್‌ವೆಲ್ ಮೋಟರ್ ಸುಟ್ಟಿತಂತೆ. ಆ ಸಂಬಂಧವನ್ನೇ ಮುರಿದರಂತೆ. ಈ ಕತೆ ಕೇಳಿದಾಗ ಭಾವ, "ಎಷ್ಟ್ ಎಚ್‌ಪಿ?" ಎಂದಷ್ಟೇ ಕೇಳಿದ್ದರು. ಮೋಟರ್ ಸುಡುವುದು ವೋಲ್ಟೇಜಿನಿಂದಲೇ ಹೊರತು ಹುಡುಗಿಯಿಂದಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕ ನನ್ನ ತೊಡೆ ಚಿವುಟಿದಳು.

ಆಯುಧಪೂಜೆಯ ಹಿಂದಿನ ದಿನ, ಶುಕ್ರವಾರ, ಲಕ್ಷ್ಮೀಕಾಂತ್ ಊರಿಗೆ ಹೋಗುವ ದಾರಿಯಲ್ಲಿ ಬಟವಾಡಿಯ ಮನೆಗೆ ಬಂದ. ದಸರಾ ರಜೆ, ನಾನು ಗುಬ್ಬಿಯಿಂದ ಬಂದು ಅಲ್ಲೇ ಇದ್ದೆ. ಕಾಫಿ ಕುಡಿದು ಹೊರಡುವಾಗ ಅವನು ಹೆಗಲ ಚೀಲ ಇಳಿಸಿದ. "ಮಾವ, ಇದು ಕಂಪನಿ ಲ್ಯಾಪ್‌ಟಾಪು. ಇಲ್ಲೇ ಇರ್ಲಿ, ಸ್ವಲ್ಪ ಚಾರ್ಜಿಗೆ ಹಾಕಿಟ್ಟಿರಿ. ಬುಧವಾರ ಅಪ್ಪನ ಜೊತೆ ಬಂದಾಗ ತಗೊಂಡ್ ಹೋಗ್ತೀನಿ" ಎಂದು ನೆಲ ನೋಡಿಕೊಂಡು ಹೇಳಿ ಬೈಕ್ ಹತ್ತಿದ. ಹುಡುಗನಿಗೆ ಎಷ್ಟು ನಾಚಿಕೆ ಎಂದು ಅಕ್ಕ ಮೆಚ್ಚಿಕೊಂಡಳು.

ಹಬ್ಬದ ಗಡಿಬಿಡಿಯಲ್ಲಿ ಆವತ್ತು ಅದನ್ನು ಚಾರ್ಜಿಗೆ ಹಾಕಲಾಗಲಿಲ್ಲ. ಮರುದಿನ ಆಯುಧಪೂಜೆ. ವೈಂಡಿಂಗ್ ಮಿಷನ್ನು, ಸ್ಪ್ಯಾನರುಗಳು, ಟಿವಿಎಸ್ ಗಾಡಿ, ಅಕ್ಕನ ಈಳಿಗೆಮಣೆ, ಎಲ್ಲವೂ ಸ್ನಾನ ಮಾಡಿ ಸಾಲಾಗಿ ಕೂತವು. ಅಳಿಯನ ಲ್ಯಾಪ್‌ಟಾಪಿಗೆ ಎಲ್ಲಕ್ಕಿಂತ ಮುಂದೆ ಮಣೆ. ಅದಕ್ಕೆ ಸ್ನಾನ ಮಾಡಿಸುವುದನ್ನು ನಾನು ಅಡ್ಡ ಬಿದ್ದು ತಪ್ಪಿಸಿದೆ. ಆದರೆ ಗಂಧ, ಅರಿಶಿನ, ಕುಂಕುಮ ತಪ್ಪಿಸಲಾಗಲಿಲ್ಲ. ಮುಚ್ಚಳಕ್ಕೆ ಮೂರು ಬೊಟ್ಟು, ಚಾರ್ಜರಿಗೆ ಮೂರು ಬೊಟ್ಟು, ಪಕ್ಕದಲ್ಲಿ ಕಂಡ ಒಂದೊಂದು ತೂತಿಗೂ ಒಂದೊಂದು ಬೊಟ್ಟು. ಮೂಲೆಗೊಂದು ನಿಂಬೆಹಣ್ಣು, ಮೇಲೊಂದು ಚೆಂಡುಹೂವಿನ ಹಾರ. ಪೂಜೆಗೆ ಕೂತ ಆಯುಧವನ್ನು ವಿಜಯದಶಮಿ ದಿನ ಕದಲಿಸುವವರೆಗೂ ಯಾರೂ ಮುಟ್ಟುವಂತಿಲ್ಲ. ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಕದಲಿಸಿ, ಭಾವನೇ ಸ್ವತಃ ಪ್ಲಗ್ ಹಾಕಿದರು. ಚಾರ್ಜರಿನ ಪಿನ್ನು ಚುಚ್ಚಿದರೆ ತೂತಿನ ಪಕ್ಕದಲ್ಲಿ ಒಂದು ಸಣ್ಣ ಕೆಂಪು ದೀಪ ಹತ್ತಬೇಕು. ಹತ್ತಲಿಲ್ಲ. ಮುಚ್ಚಳ ತೆಗೆದು ಬಟನ್ ಒತ್ತಿದರೆ ಅದೂ ಮಿಸುಕಲಿಲ್ಲ.

"ಕುಂಕುಮ!" ಎಂದು ಅಕ್ಕ ಎದೆ ಬಡಿದುಕೊಂಡಳು. "ನನ್ ಕೈಯಾರೆ ಕೊಂದೆ! ಬುಧವಾರ ಬೀಗ್ರು ಬತ್ತವ್ರೆ. ಹೆಣ್ಣಿನ ಮನೇಲಿ ಇಟ್ಟ ಮೂರೇ ದಿನಕ್ಕೆ ಸತ್ತೋಯ್ತು ಅಂದ್ರೆ ಪುಟ್ಟರಂಗಯ್ಯ ಸುಮ್ನೆ ಬುಡ್ತಾರಾ?"

ಶಾಂತಲಾ ತನ್ನ ಕಾಲು ನೋಡಿಕೊಂಡಳು.

ಹಳೇ ಟೂತ್‌ಬ್ರಷ್ಷಿನಲ್ಲಿ ಕುಂಕುಮವೆಲ್ಲ ಕೆದಕಿ, ಸೈಕಲ್ ಪಂಪಿನಿಂದ ತೂತುಗಳಿಗೆ ಗಾಳಿ ಹೊಡೆದದ್ದಾಯಿತು. ದೀಪ ಹತ್ತಲಿಲ್ಲ. ಭಾವ ಮೀಟರ್ ತಂದು ಪಿನ್ನಿಗೆ ಹಿಡಿದರು. ಮುಳ್ಳು ಒಂದು ಸಲ ಎದ್ದಿತು, ಒಂದು ಸಲ ಮಲಗಿತು. ಬೇರೆಯವರ ಸಾಮಾನಾಗಿದ್ದರೆ ಅಲ್ಲೇ ರೋಗ ಕಂಡುಹಿಡಿಯುತ್ತಿದ್ದರು. ಪಿನ್ನಿನ ಬುಡದಲ್ಲಿ ಎರಡು ಅಂಗುಲ ಉದ್ದಕ್ಕೆ ಕಪ್ಪು ಟೇಪ್ ಸುತ್ತಿತ್ತು. ಭಾವ ಅದನ್ನು ಭಕ್ತಿಯಿಂದ ಸವರಿ, "ಒಳ್ಳೇ ಕಂಪನಿ. ಟೇಪ್ ಸುತ್ತೇ ಕೊಟ್ಟವ್ರೆ" ಅಂದರು. ತಪ್ಪೆಲ್ಲ ನಮ್ಮ ಮನೆ ಲೈನಿನ ವೋಲ್ಟೇಜಿನದು ಎಂದು ತೀರ್ಮಾನವಾಯಿತು.

ಹಾಗಾಗಿ ಲ್ಯಾಪ್‌ಟಾಪಿನ ಮೆರವಣಿಗೆ ಹೊರಟಿತು. ಮುಂದೆ ಭಾವ ಟವೆಲ್ ಮುಚ್ಚಿದ ಲ್ಯಾಪ್‌ಟಾಪ್ ಎತ್ತಿಕೊಂಡು, ಹಿಂದೆ ನಾನು ಚಾರ್ಜರ್ ಹಿಡಿದುಕೊಂಡು, ಅದರ ಹಿಂದೆ ದೃಷ್ಟಿಯಾಗದಿರಲಿ ಎಂದು ಅಕ್ಕ. ಅಂಗಡಿಯ ಸಾಕೆಟ್ಟು, ಪಕ್ಕದ ಹಿಟ್ಟಿನ ಗಿರಣಿಯ ಸಾಕೆಟ್ಟು, ಎದುರಿನ ಕ್ಲಿನಿಕ್ಕಿನ ಸಾಕೆಟ್ಟು. ಕ್ಲಿನಿಕ್ಕಿನಲ್ಲಿ ಕಾಂಪೌಂಡರ್, "ಯಾರಿಗೆ ಹುಷಾರಿಲ್ಲ?" ಅಂದ. ಭಾವ ಟವೆಲ್ ತೆಗೆದು ತೋರಿಸಿದರು. ಎಲ್ಲೂ ದೀಪ ಹತ್ತಲಿಲ್ಲ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಗುಬ್ಬಿ ಸ್ಕೂಲಿಗೆ ಆ ವರ್ಷ ಎರಡು ಕಂಪ್ಯೂಟರ್ ಬಂದಿದ್ದವು, ನನಗೆ ಹತ್ತು ದಿನ ಟ್ರೈನಿಂಗೂ ಆಗಿತ್ತು. ಆ ಕಂಪ್ಯೂಟರುಗಳು ಬೆಡ್‌ಶೀಟ್ ಹೊದ್ದು ಮಲಗಿದ್ದು ಇನ್ನೂ ಎದ್ದಿಲ್ಲ ಎನ್ನುವುದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಮಾನ ಉಳಿಸಿಕೊಳ್ಳಲು ಸೋಮವಾರ ಬಸ್ಸು ಹತ್ತಿ ಗುಬ್ಬಿಗೆ ಹೋಗಿ ಟ್ರೈನಿಂಗಿನ ಪುಸ್ತಕ ತಂದೆ. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿ ನೋಡಿ ಎಂದು ಅದರಲ್ಲಿತ್ತು. ಬಿಚ್ಚಿದೆವು. ಹಾಕುವುದಕ್ಕೆ ಅಕ್ಕ ಬಿಡಲಿಲ್ಲ.

"ಟಾರ್ಚ್ ಸೆಲ್ಲು ಬಿಸ್ಲಿಗಿಟ್ರೆ ಜೀವ ಬರಲ್ವಾ? ಇದೂ ಸೆಲ್ಲೇ ತಾನೆ?"

ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬ್ಯಾಟರಿ ತಾರಸಿಗೆ ಹೋಗಿ, ಸಂಡಿಗೆಯ ಪಕ್ಕದಲ್ಲಿ ಹಳೇ ಸೀರೆಯ ಮೇಲೆ ಒಣಗಿತು. ಸರ್ಕಾರಿ ಸಂಬಳ ತಿನ್ನುವ ನಾನು, ಕೈಯಲ್ಲಿ ಕೋಲು ಹಿಡಿದು, ಮಧ್ಯಾಹ್ನವೆಲ್ಲ ಅದಕ್ಕೆ ಕಾಗೆ ಕಾದೆ. ಸಂಜೆ ಮತ್ತೆ ಒಳಗೆ ಹಾಕಿ ನೋಡಿದೆವು, ಜೀವ ಬರಲಿಲ್ಲ. ಅಕ್ಕನಂತೂ ಭಾನುವಾರದಿಂದ ಒಪ್ಪತ್ತೂಟದಲ್ಲೇ ಇದ್ದಳು. ದೇವರಿಗೆ ಏನು ಹರಸಿಕೊಂಡಳೋ ಹೇಳಲಿಲ್ಲ.

ಮಂಗಳವಾರ ಸಂಜೆ ಶಾಂತಲಾ ಒಬ್ಬಳೇ ಕೂತು ಪ್ಲಗ್ಗಿಗೆ ಹಾಕಿದ್ದ ಚಾರ್ಜರಿನ ವೈರನ್ನು ಬೆರಳಲ್ಲಿ ಸವರುತ್ತಿದ್ದಳು. ಇದ್ದಕ್ಕಿದ್ದಂತೆ, "ಅಪ್ಪಾ!" ಎಂದು ಕೂಗಿದಳು. ಪಿನ್ನಿನ ಹತ್ತಿರ ವೈರನ್ನು ಒಂದು ರೀತಿ ಬಗ್ಗಿಸಿ ಒತ್ತಿ ಹಿಡಿದಿದ್ದಳು. ಕೆಂಪು ದೀಪ ಹತ್ತಿತ್ತು. ಕೈ ಬಿಟ್ಟಳು, ಆರಿತು. ಹಿಡಿದಳು, ಹತ್ತಿತು.

ಭಾವನ ಮುಖ ಬೆಳಗಿ ಹಾಗೇ ಕಪ್ಪಾಯಿತು. "ಟೇಪೊಳಗೆ ವೈರ್ ಕಟ್ಟಾಗದೆ. ಐದ್ ನಿಮಿಷದ ಕೆಲ್ಸ" ಅಂದರು.

"ಮತ್ತೆ ಮಾಡಿ ಭಾವ!"

"ಹೆಂಗ್ ಮಾಡ್ಲಿ ಮೇಷ್ಟ್ರೆ? ಕಂಪನಿ ಸುತ್ತಿರೋ ಟೇಪು. ಬಿಚ್ಚಿದ್ರೆ ಗೊತ್ತಾಯ್ತದೆ. ಮೆರವಣಿಗೇಲಿ ಎಳ್ದಾಡಿ ನಾವೇ ಕಟ್ ಮಾಡಿರೋದು. ಬೀಗ್ರ ಮುಂದೆ ಏನಂತ ಹೇಳದು?"

ನನಗೆ ಸಿಟ್ಟು ನೆತ್ತಿಗೇರಿತು. ಊರವರ ಸುಳ್ಳನ್ನೆಲ್ಲ ಕಣ್ಣಲ್ಲೇ ಬಿಚ್ಚುವ ಮನುಷ್ಯ, ಎರಡು ಅಂಗುಲ ಟೇಪಿಗೆ ಹೆದರಿ ಕೂತಿದ್ದರು. ಆದರೆ ಅವರು ಮಗಳ ಕಡೆ ನೋಡಿದ್ದು ಕಂಡು, ನಾನೇ ವೈರ್ ತೆಗೆದುಕೊಂಡು ಒತ್ತಿ ಹಿಡಿದೆ.

ಹೀಗಾಗಿ ನಮ್ಮ ಮನೆಯಲ್ಲಿ ಪಾಳಿ ಶುರುವಾಯಿತು. ಬೀಗರು ಬರುವ ಹೊತ್ತಿಗೆ ಬ್ಯಾಟರಿ ತುಂಬಿದ್ದರೆ ಸಾಕು, ಎಲ್ಲ ಸರಿಯಿದೆ ಎಂದು ಕೊಟ್ಟು ಕಳಿಸಬಹುದು. ಕಟ್ಟುವುದಕ್ಕೆ ದಾರ, ಒತ್ತುವುದಕ್ಕೆ ಕಲ್ಲು, ಬಟ್ಟೆ ಕ್ಲಿಪ್ಪು ಎಲ್ಲ ನೋಡಿದೆವು. ಮನುಷ್ಯರ ಹೆಬ್ಬೆರಳಿಗೆ ಬಿಟ್ಟು ಅದು ಯಾವುದಕ್ಕೂ ಒಗ್ಗಲಿಲ್ಲ. ಕೆಮ್ಮಿದರೆ ದೀಪ ಆರುತ್ತಿತ್ತು. ಮಂಗಳವಾರ ಒಂದು ಗಂಟೆ ಹೊತ್ತು ಹಿಡಿಯುವುದರಲ್ಲಿ ಲೋಡ್ ಶೆಡ್ಡಿಂಗ್ ಆಯಿತು. ಬುಧವಾರ ಕರೆಂಟ್ ಬಂದದ್ದು ಹತ್ತು ಗಂಟೆಗೆ. ಮೊದಲು ಭಾವ ಹಿಡಿದರು, ಆಮೇಲೆ ನಾನು. ಹನ್ನೊಂದಕ್ಕೆ ಅಕ್ಕನ ಪಾಳಿ. ಬೀಗರು ಬರುವುದು ಹನ್ನೆರಡಕ್ಕೆ ಎಂದು ಲೆಕ್ಕ ಹಾಕಿದ್ದೆವು.

ಹನ್ನೊಂದೂಕಾಲಿಗೇ ಪುಟ್ಟರಂಗಯ್ಯನವರು ಬಾಗಿಲಲ್ಲಿ ನಿಂತಿದ್ದರು.

ಅಕ್ಕ ಎದ್ದು ಕಾಲಿಗೆ ನೀರು ಕೊಡಬೇಕು. ಎದ್ದರೆ ದೀಪ ಆರುತ್ತದೆ. ನೆಲದ ಮೇಲೆ ಕಾಲು ನೀಡಿ ಕೂತಿದ್ದವಳು ವೈರ್ ಹಿಡಿದುಕೊಂಡೇ, "ಬನ್ನಿ ಬೀಗ್ರೆ, ಕೂತ್ಕಳಿ" ಎಂದು ಹಲ್ಲು ಬಿಟ್ಟಳು. ಭಾವ ಗೋಡೆಗೆ ಅಂಟಿಕೊಂಡರು. ನಾನು ಕ್ಯಾಲೆಂಡರ್ ಓದತೊಡಗಿದೆ.

"ಯಾಕ್ರಮ್ಮ, ಕೈಗೇನಾಯ್ತು?" ಅಂದರು ಪುಟ್ಟರಂಗಯ್ಯ.

ಅಷ್ಟರಲ್ಲಿ ಬೈಕ್ ನಿಲ್ಲಿಸಿ ಲಕ್ಷ್ಮೀಕಾಂತ್ ಒಳಗೆ ಬಂದ. ಅಕ್ಕನ ಕೈ ನೋಡಿದ. ಯೋಚನೆಯನ್ನೇ ಮಾಡದೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ: "ಅತ್ತೆ, ಹಂಗಲ್ಲ. ಸ್ವಲ್ಪ ಎಡಕ್ಕೆ ಬಗ್ಸಿ, ಹೆಬ್ಬೆಟ್ಟು ಕೆಳಗಡೆ ಕೊಡಿ. ಆಗ ಕೈ ನೋಯಲ್ಲ."

ಅಕ್ಕ ಹಾಗೇ ಮಾಡಿದಳು. ದೀಪ ಮೊದಲಿಗಿಂತ ಚೆನ್ನಾಗಿ ಉರಿಯಿತು. ತಾನೇನು ಹೇಳಿದೆ ಎನ್ನುವುದು ಹುಡುಗನಿಗೆ ಆಗ ಹೊಳೆದು, ಮುಖ ಇಳಿಯಿತು.

ಅಡಿಗೆಮನೆ ಬಾಗಿಲಲ್ಲಿ ಶಾಂತಲಾ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಯಾವಾಗಿಂದ?" ಎಂದು ಕೇಳಿದಳು.

"ಅದು... ಮೊನ್ನೆವರ್ಗೂ ಚೆನ್ನಾಗಿತ್ತು."

ಶಾಂತಲಾ ಮಾತಾಡಲಿಲ್ಲ. ಸುಮ್ಮನೆ ನೋಡಿದಳು. ಆ ನೋಟ ಯಾರದೆಂದು ಬಟವಾಡಿಗೆಲ್ಲ ಗೊತ್ತು.

"ಮೂರ್ ತಿಂಗಳಿಂದ" ಅಂದ ಹುಡುಗ. ಅವಳು ಇನ್ನೂ ನೋಡುತ್ತಲೇ ಇದ್ದಳು. "ಬೈಕಿಂದ ಬಿತ್ತು. ಟೇಪ್ ಸುತ್ತಿದ್ದು ನಾನೇ. ಇಂಜಿನಿಯರ್ ಆಗಿ ಒಂದ್ ವೈರ್ ಸರಿ ಮಾಡಕ್ ಬರಲ್ಲ ಅಂತ ಮಾವನ ಹತ್ರ ಹೇಳಕ್ಕೆ ನಾಚ್ಕೆ ಆಯ್ತು. ಚಾರ್ಜಿಗ್ ಹಾಕಿದ್ರೆ ಅವ್ರೇ ನೋಡಿ ಸರಿ ಮಾಡ್ಬಿಡ್ತಾರೆ ಅನ್ಕೊಂಡೆ."

"ನಾಲ್ಕ್ ದಿನದಿಂದ ನಮ್ಮಮ್ಮ ಸರಿಯಾಗಿ ಊಟ ಮಾಡಿಲ್ಲ" ಅಂದಳು ಶಾಂತಲಾ. "ಎಲ್ಲಾ ನನ್ ಕಾಲ್ಗುಣ ಅಂತ ನಾನೇ ನಂಬ್ಬಿಟ್ಟಿದ್ದೆ. ಗೊತ್ತಾ ನಿಮ್ಗೆ?"

ಕಾಲ್ಗುಣ ಎಂಬ ಮಾತು ಕಿವಿಗೆ ಬಿದ್ದದ್ದೇ ಪುಟ್ಟರಂಗಯ್ಯ ಏನೋ ಹೇಳಲು ಬಾಯಿ ತೆರೆದರು. ಮಗನ ಕಡೆ ನೋಡಿದರು, ಟೇಪಿನ ಕಡೆ ನೋಡಿದರು, ಬಾಯಿ ಮುಚ್ಚಿದರು. ಅವರು ಹಾಗೆ ಬಾಯಿ ಮುಚ್ಚಿದ್ದನ್ನು ನೋಡಿ ನನಗಾದ ಆನಂದವನ್ನು ನಾನು ಮುಚ್ಚಿಡುವುದಿಲ್ಲ.

"ಅಮ್ಮ, ನೀನು ಏಳು" ಎಂದ ಶಾಂತಲಾ ಹುಡುಗನ ಕಡೆ ತಿರುಗಿದಳು. "ನೀವು ಕೂತ್ಕೊಳಿ. ಹಿಡ್ಕೊಳಿ."

ಲಕ್ಷ್ಮೀಕಾಂತ್ ಕೂತ, ಹಿಡಿದುಕೊಂಡ. ಭಾವ ಆಗಲೇ ಓಡಿಹೋಗಿ ಅಂಗಡಿಯಿಂದ ಬೆಸುಗೆ ಕಡ್ಡಿ ತಂದಿದ್ದರು. "ಐದೇ ನಿಮಿಷ ಕಣವ್ವ..."

"ಊಟ ಆಗ್ಲಿ ಅಪ್ಪ."

ಎಲೆ ಹಾಕಿ ಒಬ್ಬಟ್ಟು ಬಡಿಸಿದರು. ನಾವೆಲ್ಲ ಉಂಡೆವು, ಪುಟ್ಟರಂಗಯ್ಯನವರು ಎರಡು ಸಲ ತುಪ್ಪ ಹಾಕಿಸಿಕೊಂಡು ಉಂಡರು. ಅಕ್ಕ ನಾಲ್ಕು ದಿನದ ಹಸಿವು ಸೇರಿಸಿ ಉಂಡಳು. ಮದುವೆ ಗಂಡು ಗೋಡೆ ಪಕ್ಕ ವೈರ್ ಹಿಡಿದು ಕೂತಿದ್ದ. ನೊಣ ಬಂದು ಮೂಗಿನ ಮೇಲೆ ಕೂತರೂ ಕೈ ಅಲುಗಿಸಲಿಲ್ಲ.

ಕೈ ತೊಳೆದು ಬಂದ ಭಾವ ಮಗಳ ಪಕ್ಕ ನಿಂತು ಮೆಲ್ಲಗೆ ಕೇಳಿದರು. "ಏನವ್ವ, ದಿನ ಗೊತ್ತು ಮಾಡಣ್ವಾ, ಬ್ಯಾಡ್ವಾ?"

ಅವಳು ಹುಡುಗನ ಕಡೆ ನೋಡಿದಳು. ಅವನು ಹಿಡಿದು ಒಂದು ಗಂಟೆಯಾಗಿತ್ತು, ದೀಪ ಒಮ್ಮೆಯೂ ಆರಿರಲಿಲ್ಲ. "ಮಾಡಿ" ಅಂದಳು. ಆಮೇಲೆ ಎಲೆಯಲ್ಲಿ ಎರಡು ಒಬ್ಬಟ್ಟು ಹಾಕಿಕೊಂಡು ಹೋಗಿ ಅವನ ಪಕ್ಕ ಕೂತಳು. ವೈರನ್ನು ತಾನು ಹಿಡಿದುಕೊಂಡು ಎಲೆಯನ್ನು ಅವನ ಕಡೆ ತಳ್ಳಿದಳು.

ಭಾವ ಟೇಪ್ ಬಿಚ್ಚಿ ಬೆಸುಗೆ ಹಾಕಿದ್ದು ಅದಾದ ಮೇಲೆ. ಐದು ನಿಮಿಷವೂ ಹಿಡಿಯಲಿಲ್ಲ.

ಮದುವೆಯಾದ ಮೇಲಿನ ಮೊದಲ ಆಯುಧಪೂಜೆಗೆ ಅಳಿಯ ಮಗಳು ಬಂದರು. ನಾನೂ ಇದ್ದೆ. ಲಕ್ಷ್ಮೀಕಾಂತ್ ಕೈಯಲ್ಲೊಂದು ಮಿಕ್ಸಿ. ಹೊಸಿಲ ಹೊರಗೇ ನಿಂತು, ಚಪ್ಪಲಿಯನ್ನೂ ಬಿಡದೆ, ಒಂದೇ ಉಸಿರಿನಲ್ಲಿ ಹೇಳಿದ:

"ಮಾವ, ಹನ್ನೆರಡ್ ದಿನದಿಂದ. ಬೀಳಿಸಿದ್ದು ನಾನೇ."

ಭಾವ ಮಿಕ್ಸಿಯನ್ನು ಕೈಗೆ ತೆಗೆದುಕೊಂಡರು. ಅವರ ಅಂಗಡಿಗೆ ಅಂಥ ಗಿರಾಕಿ ಅಲ್ಲಿಯವರೆಗೂ ಬಂದಿರಲಿಲ್ಲ. ಮೂಸುವುದನ್ನೂ ಮರೆತು, ಅಳಿಯನ ಮುಖವನ್ನೇ ನೋಡುತ್ತಾ ನಿಂತರು.